ಲೇತ್ ಇದ್ದ ಹೈಸ್ಕೂಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ ಸಾಗರದ ಓದುಗರೊಬ್ಬರು, ಅಮೆರಿಕದಲ್ಲಿರುವ ತಮ್ಮ ಮಗಳು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡು ಕಳಿಸಿದ ಅಲ್ಲಿನ ಒಂದು ಹೈಸ್ಕೂಲಿನ ವಾರ್ಷಿಕ ಸಂಚಿಕೆಯ ವಿಚಾರ ಬರೆದಿದ್ದರು. 1950ರ ದಶಕದ ಆ ಸಂಚಿಕೆಯ ಚಿತ್ರಗಳಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಸುತ್ತ ನಿಂತ ಹುಡುಗರು, ಹೊಲಿಗೆ ಯಂತ್ರಗಳ ಮುಂದೆ ಸಾಲಾಗಿ ಕುಳಿತ ಹುಡುಗಿಯರು, ಟೈಪ್‌ರೈಟರುಗಳು ತುಂಬಿದ ಕೋಣೆ, ಬಾನೆಟ್ ತೆರೆದ ಕಾರು ಎಲ್ಲವೂ ಇದ್ದುದನ್ನು ನೋಡಿ “ಇದು ಹೈಸ್ಕೂಲೋ, ಐಟಿಐಯೋ?” ಎಂದು ಕೇಳಿದ್ದರು. ಹೈಸ್ಕೂಲೇ ಎಂದು ನಾಲ್ಕು ಸಾಲಿನಲ್ಲಿ ಉತ್ತರಿಸಿ ನಾನು ಸುಮ್ಮನಾದೆ, ಓದುಗರು ಸುಮ್ಮನಾಗಲಿಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಬಾರಿಯ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬೀಜಗಣಿತ ಕಲಿಸುವ ಶಾಲೆಯಲ್ಲೇ ಬಡಗಿ ಕೆಲಸವನ್ನೂ ಕಲಿಸಲು ಅವರಿಗೆ ಹೇಗೆ ಸಾಧ್ಯವಾಯಿತು? ಅಷ್ಟೊಂದು ಯಂತ್ರಗಳಿಗೆ ದುಡ್ಡು ಯಾರದು? (ಅದೇ ಸಾಗರದ ಓದುಗರು)

ಉತ್ತರ: ಅಲ್ಲಿ ಹೈಸ್ಕೂಲು ಎಂದರೆ ಬಹುಮಟ್ಟಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ, ಅಂದರೆ ನಮ್ಮ ಒಂಬತ್ತು, ಹತ್ತು ಮತ್ತು ಪಿಯುಸಿ ಒಟ್ಟಾಗಿ ಒಂದೇ ಸೂರಿನಡಿ ಇದ್ದಂತೆ. ಊರಿನ ಡಾಕ್ಟರ ಮಗನೂ ಗಿರಣಿ ಕಾರ್ಮಿಕನ ಮಗನೂ ಒಂದೇ ಬಾಗಿಲಿನಿಂದ ಒಳಗೆ ಬರಲಿ, ಇಂಗ್ಲಿಷನ್ನೂ ದೇಶದ ಇತಿಹಾಸವನ್ನೂ ಒಟ್ಟಿಗೆ ಓದಲಿ, ಉಳಿದ ಪೀರಿಯಡ್ಡುಗಳಲ್ಲಿ ಒಬ್ಬ ಲ್ಯಾಟಿನ್ ಭಾಷೆಗೂ ಇನ್ನೊಬ್ಬ ಲೋಹದ ಕೆಲಸಕ್ಕೂ ಹೋಗಲಿ ಎಂಬುದು ಆ ಶಾಲೆಗಳ ಹಿಂದಿದ್ದ ಆಲೋಚನೆ. ಇಂಥದನ್ನು ಅವರು ಕಾಂಪ್ರಹೆನ್ಸಿವ್ ಹೈಸ್ಕೂಲು ಎನ್ನುತ್ತಿದ್ದರು. ಬರೀ ಕಸುಬು ಕಲಿಸುವ ಪ್ರತ್ಯೇಕ ಶಾಲೆಗಳು ದೊಡ್ಡ ನಗರಗಳಲ್ಲಿ ಇದ್ದವಾದರೂ ಸಣ್ಣ ಊರುಗಳಲ್ಲಿ ಎಲ್ಲವೂ ಒಂದೇ ಕಟ್ಟಡದೊಳಗೆ ನಡೆಯುತ್ತಿತ್ತು.

ದುಡ್ಡಿನ ಮಾತು ಸ್ವಾರಸ್ಯಕರವಾಗಿದೆ. 1917ರ ಫೆಬ್ರವರಿ 23ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಸಹಿ ಹಾಕಿದ ಸ್ಮಿತ್-ಹ್ಯೂಸ್ ಕಾಯ್ದೆಯು ಕೃಷಿ, ಕೈಗಾರಿಕಾ ಕಸುಬು ಮತ್ತು ಗೃಹವಿಜ್ಞಾನಗಳ ಬೋಧನೆಗೆ ಕೇಂದ್ರದ ಹಣ ಒದಗಿಸಿತು. ಕೇಂದ್ರ ಕೊಟ್ಟ ಪ್ರತಿ ಡಾಲರಿಗೂ ರಾಜ್ಯ ಅಥವಾ ಊರು ಇನ್ನೊಂದು ಡಾಲರ್ ಹಾಕಬೇಕಿತ್ತು. ಆದರೆ ಆ ಹಣವು ಮುಖ್ಯವಾಗಿ ಮೇಷ್ಟ್ರ ಸಂಬಳಕ್ಕೆ ಮತ್ತು ಮೇಷ್ಟ್ರನ್ನು ತಯಾರು ಮಾಡುವ ತರಬೇತಿಗೆ ಮೀಸಲಾಗಿತ್ತೇ ಹೊರತು ಕಟ್ಟಡಕ್ಕಾಗಲಿ ಯಂತ್ರಕ್ಕಾಗಲಿ ಅಲ್ಲ. ಅವನ್ನು ಊರಿನವರೇ ಹೊಂದಿಸಿಕೊಳ್ಳಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಲೇತು, ಡ್ರಿಲ್ಲುಗಳು ಎಷ್ಟೋ ಶಾಲೆಗಳ ಪಾಲಿಗೆ ಬಂದವು. ನಿಮ್ಮ ಚಿತ್ರದಲ್ಲಿರುವ ಲೇತೂ ಅಂಥದೇ ಆಗಿದ್ದರೆ ಆಶ್ಚರ್ಯವಿಲ್ಲ.

ಮೇಷ್ಟ್ರಿಗೆ ಮೊದಲು ಸಂಬಳ, ಉಳಿ-ಸುತ್ತಿಗೆ ಆಮೇಲೆ ಎಂಬ ಈ ಕ್ರಮವನ್ನು ಓದಿದಾಗ ನನಗೆ ನನ್ನದೇ ಅನುಭವ ನೆನಪಾಯಿತು. ನಾನು ಕ್ರಾಫ್ಟ್ ಮೇಷ್ಟ್ರಾಗಿ ಸೇರಿದ ಮಲೆನಾಡಿನ ಒಂದು ಶಾಲೆಯಲ್ಲಿ ಬೀಟೆಯ ಹಿಡಿಗಳ ಹನ್ನೆರಡು ಉಳಿಗಳು ಗ್ರೀಸು ಹಚ್ಚಿದ ಕಾಗದದಲ್ಲಿ ಸುತ್ತಿದಂತೆಯೇ ಬೀರುವಿನಲ್ಲಿದ್ದವು. ತನಿಖೆಯ ದಿನ ಅವು ಹೊರಗೆ ಬರುತ್ತಿದ್ದವು, ಸ್ಟಾಕ್ ರಿಜಿಸ್ಟರಿನ ಲೆಕ್ಕಕ್ಕೆ ತಾಳೆಯಾದೊಡನೆ ಒಳಗೆ ಹೋಗುತ್ತಿದ್ದವು. ಅವು ಬಂದು ಆರು ವರ್ಷವಾಗಿತ್ತು. ಕಲಿಸುವವನು ಬಂದದ್ದು ಆಗ.

ಪ್ರಶ್ನೆ: ನಾನು ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ದಿನಕ್ಕೊಂದು ಪೀರಿಯಡ್ ಲೇತಿನ ಮುಂದೆ ನಿಂತು ಯಾರೂ ಟರ್ನರ್ ಆಗಲಾರರು. ಅಲ್ಲಿ ನಿಜವಾಗಿ ಏನು ಕಲಿಸುತ್ತಿದ್ದರು? (ಭದ್ರಾವತಿಯ ಓದುಗರು)

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅಲ್ಲಿ ನಡೆಯುತ್ತಿದ್ದುದು ಒಂದಲ್ಲ, ಎರಡು ಬಗೆಯ ಪಾಠ. ಅವೆರಡನ್ನೂ ಒಂದೇ ಎಂದು ತಿಳಿದರೆ ಎಲ್ಲವೂ ಕಲಸುಮೇಲೋಗರವಾಗುತ್ತದೆ.

ಮೊದಲನೆಯದು ಇಂಡಸ್ಟ್ರಿಯಲ್ ಆರ್ಟ್ಸ್. ಹುಡುಗರ ಆಡುಮಾತಿನಲ್ಲಿ ಅದು ಬರೀ “ಶಾಪ್”. ದಿನಕ್ಕೊಂದು ಪೀರಿಯಡ್ಡಿನ ಈ ಪಾಠ ಯಾರನ್ನೂ ಕಸುಬುದಾರನನ್ನಾಗಿ ಮಾಡಲು ಹೊರಟಿರಲಿಲ್ಲ. ಚಿತ್ರಕಲೆ, ಸಂಗೀತಗಳ ಹಾಗೆ ಸಾಮಾನ್ಯ ವಿದ್ಯೆಯ ಭಾಗವಾಗಿತ್ತು. ಎರಡನೆಯದು ವೊಕೇಷನಲ್ ಪಾಠ. ಕಾಯ್ದೆಯ ಹಣ ಬೇಕಾದ ಕಸುಬಿನ ಶಾಲೆ ಅಥವಾ ತರಗತಿಯು ಹದಿನಾಲ್ಕು ತುಂಬಿದವರಿಗೆ ಮಾತ್ರ, ವರ್ಷಕ್ಕೆ ಒಂಬತ್ತು ತಿಂಗಳಿಗೆ ಕಡಿಮೆಯಿಲ್ಲದಂತೆ, ವಾರಕ್ಕೆ 30 ಗಂಟೆಗೆ ಕಡಿಮೆಯಿಲ್ಲದಂತೆ ನಡೆಯಬೇಕಿತ್ತು. ಆ ಹೊತ್ತಿನಲ್ಲಿ ಅರ್ಧಕ್ಕಾದರೂ ಕೈಕೆಲಸವಿರಬೇಕು, ಅದೂ ಯಾರಿಗಾದರೂ ಉಪಯೋಗಕ್ಕೆ ಬರುವ ಕೆಲಸವಾಗಿರಬೇಕು ಎಂದು 1917ರ ಕಾಯ್ದೆಯಲ್ಲೇ ಬರೆದಿತ್ತು. ಇಲ್ಲಿ ಕಲಿಸುವವರು ಸಾಮಾನ್ಯವಾಗಿ ಆ ಕಸುಬಿನಲ್ಲೇ ವರ್ಷಗಟ್ಟಲೆ ದುಡಿದು ಬಂದವರು, ಅಂದರೆ ನಿಮ್ಮಂಥವರು. ಇಷ್ಟಾದರೂ ಹುಡುಗ ಹೊರಬಂದಾಗ ಪೂರ್ಣ ಟರ್ನರ್ ಆಗಿರುತ್ತಿರಲಿಲ್ಲ; ಒಳ್ಳೆಯ ಅಪ್ರೆಂಟಿಸ್ ಆಗಲು ತಯಾರಾಗಿರುತ್ತಿದ್ದ ಎನ್ನಬಹುದು.

ಹಾಗಾದರೆ ಒಂದು ಪೀರಿಯಡ್ಡಿನ “ಶಾಪ್” ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಮರಗೆಲಸದ ಕೋಣೆಯಲ್ಲಿ ಹುಡುಗನಿಗೆ ಕೊಡುತ್ತಿದ್ದ ಹಳೆಯ ಮೊದಲ ಅಭ್ಯಾಸವೆಂದರೆ ಒರಟು ಹಲಗೆಯ ಒಂದು ತುಂಡನ್ನು ಆರೂ ಮುಖ ಚೊಕ್ಕವಾಗುವಂತೆ ಚಚ್ಚೌಕ ಮಾಡುವುದು. ಅಗಲದ ಎರಡು ಮುಖಗಳಲ್ಲಿ ವಾಸಿ ಎನಿಸಿದ್ದನ್ನು ಆರಿಸಿ ಮರ ಹೆರೆಯುವ ಹತ್ತರಿ ಹಾಕಬೇಕು. ಅದರ ಮೇಲೆ ನೇರಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಕಿಟಕಿಯ ಕಡೆಗೆ ಹಿಡಿದರೆ ಪಟ್ಟಿಗೂ ಮರಕ್ಕೂ ನಡುವೆ ಬೆಳಕು ಇಣುಕಬಾರದು. ಉದ್ದಕ್ಕೆ ನೋಡಬೇಕು, ಅಡ್ಡಕ್ಕೆ ನೋಡಬೇಕು, ಮೂಲೆಯಿಂದ ಮೂಲೆಗೂ ನೋಡಬೇಕು. ಸರಿಯಾದರೆ ಪೆನ್ಸಿಲ್ಲಿನಲ್ಲಿ ಒಂದು ಗುರುತು. ಆಮೇಲೆ ಪಕ್ಕದ ಅಂಚು, ಮೂಲೆಮಟ್ಟ ಇಟ್ಟು ಮೊದಲ ಮುಖಕ್ಕೆ ಲಂಬವಾಗಿ. ಅದಕ್ಕೂ ಒಂದು ಗುರುತು. ಇನ್ನುಳಿದ ನಾಲ್ಕು ಮುಖಗಳ ಅಳತೆಯನ್ನೆಲ್ಲ ಗುರುತು ಹಾಕಿದ ಈ ಎರಡರಿಂದಲೇ ತೆಗೆಯಬೇಕಾದ್ದರಿಂದ ಮೊದಲ ಮುಖದಲ್ಲಿ ಕೂದಲೆಳೆಯಷ್ಟು ತಿರುಚಿದ್ದರೂ ಅದು ಕೊನೆಯ ಮುಖದವರೆಗೆ ಹಿಂಬಾಲಿಸುತ್ತದೆ. ರೇಖಾಗಣಿತದ ಪ್ರಮೇಯವನ್ನು ಬಾಯಿಪಾಠ ಒಪ್ಪಿಸಿ ಪಾರಾಗಬಹುದು. ಮೂಲೆಮಟ್ಟದ ಸಂದಿಯಲ್ಲಿ ಇಣುಕುವ ಬೆಳಕಿಗೆ ಸಮಜಾಯಿಷಿ ಹೇಳಲಾಗದು. ನನ್ನ ಕಾಲದಲ್ಲಿ ಒಂದು ಗೇಣು ಹಲಸಿನ ತುಂಡನ್ನು ಹೀಗೆ ಮಾಡಿ ಮುಗಿಸಲು ಎಂಟನೇ ತರಗತಿಯ ಹುಡುಗನಿಗೆ ಮೂರು ವಾರ ಹಿಡಿಯುತ್ತಿತ್ತು, ಎರಡು ತುಂಡು ಹಾಳಾಗುತ್ತಿದ್ದವು.

ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು. 1942ರಲ್ಲಿ ಅಮೆರಿಕದ ನೌಕಾಪಡೆ ಶತ್ರುವಿನ ವಿಮಾನ ಯಾವುದು, ತಮ್ಮದು ಯಾವುದು ಎಂದು ಆಕಾರದಿಂದಲೇ ಗುರುತಿಸುವ ತರಬೇತಿಗಾಗಿ ಐದು ಲಕ್ಷ ಮರದ ಮಾದರಿ ವಿಮಾನಗಳನ್ನು ಬೇಡಿದ್ದು ದೇಶದ ಶಾಲಾ ಮಕ್ಕಳನ್ನು. ಒಂದು ಅಂಗುಲಕ್ಕೆ ಆರು ಅಡಿ, ಅಂದರೆ ಎಪ್ಪತ್ತೆರಡರಲ್ಲೊಂದು ಅಳತೆ. ಮೈಗೆಲ್ಲ ಕಪ್ಪು ಬಣ್ಣ. ಆ ಅಳತೆಯ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ಹತ್ತಿರ ಹತ್ತಿರ ಅರ್ಧ ಮೈಲಿ ದೂರದ ನಿಜ ವಿಮಾನವನ್ನು ನೋಡಿದಂತೆ. ಅಳತೆಯ ಅಚ್ಚಿಗೆ ಹಿಡಿದು ನೋಡಿ ಅಳತೆ ತಪ್ಪಿದ್ದನ್ನು ತಳ್ಳಿಹಾಕುತ್ತಿದ್ದುದರಿಂದ “ಮಕ್ಕಳು ಮಾಡಿದ್ದು, ಇರಲಿ ಬಿಡಿ” ಎಂಬ ಮಾತಿಗೆ ಎಡೆಯಿರಲಿಲ್ಲ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮಗ ಎಸ್ಸೆಸ್ಸೆಲ್ಸಿ. ಅಲ್ಲಿ ರೈತರ ಮಕ್ಕಳಿಗೆ ಶಾಲೆಯಲ್ಲಿ ಕೃಷಿ ಇತ್ತೆಂದು ಬರೆದಿದ್ದಿರಿ. ಕೃಷಿಯನ್ನು ಬೆಂಚಿನ ಮೇಲೆ ಕೂರಿಸಿ ಕಲಿಸಲಾದೀತೆ? (ತೀರ್ಥಹಳ್ಳಿಯ ಓದುಗರು)

ಉತ್ತರ: ಆಗದು ಎಂಬುದನ್ನು ಅವರೂ ಬೇಗನೆ ಕಂಡುಕೊಂಡಿದ್ದರು. ಮ್ಯಾಸಚೂಸೆಟ್ಸಿನ ನಾರ್ತಾಂಪ್ಟನ್‌ನಲ್ಲಿದ್ದ ಒಂದು ಕೃಷಿ ಶಾಲೆಯಲ್ಲಿ 1908ರ ಹೊತ್ತಿಗೆ ರೂಫಸ್ ಸ್ಟಿಮ್ಸನ್ ಎಂಬವರು ಹುಡುಗರಿಗೆ ಶಾಲೆಯ ಜಮೀನಿನ ಬದಲು ಅವರವರ ಮನೆಯ ಜಮೀನಿನಲ್ಲೇ ಕೆಲಸ ಹಚ್ಚುವ ಪದ್ಧತಿ ತಂದರು. ಅದನ್ನೇ 1917ರ ಕಾಯ್ದೆ ನಿಯಮವಾಗಿಸಿ, ಕೃಷಿ ಓದುವ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಕಡಿಮೆಯೆಂದರೆ ಆರು ತಿಂಗಳು ಮೇಲ್ವಿಚಾರಣೆಯಲ್ಲಿ ಹೊಲದ ಕೆಲಸ ಮಾಡಬೇಕೆಂದಿತು. ಒಬ್ಬ ಹುಡುಗ ಎರಡು ಹಂದಿ ಸಾಕುತ್ತಿದ್ದ, ಇನ್ನೊಬ್ಬ ಅಪ್ಪನಿಂದ ಒಂದೆಕರೆ ಪಡೆದು ಜೋಳ ಹಾಕುತ್ತಿದ್ದ. ಬೀಜ, ಮೇವು, ಗೊಬ್ಬರ, ತನ್ನ ದುಡಿಮೆಯ ಗಂಟೆಗಳು, ಮಾರಿದ ಬೆಲೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಬೆಳೆ ಬೆಳೆಯುವುದು ಬೇಸಿಗೆ ರಜೆಯಲ್ಲಾದ್ದರಿಂದ ಕೃಷಿ ಮೇಷ್ಟ್ರಿಗೆ ಮಾತ್ರ ಸಾಮಾನ್ಯವಾಗಿ ಹನ್ನೆರಡೂ ತಿಂಗಳ ಕೆಲಸ. ರಜೆಯಲ್ಲಿ ಅವರು ಮನೆಮನೆಗೆ ಹೋಗಿ ಹೊಲ ನೋಡಿ, ಲೆಕ್ಕದ ಪುಸ್ತಕ ನೋಡಿ ಬರುತ್ತಿದ್ದರು.

ನಮ್ಮ ಕಡೆಗೆ ಹೊಂದಿಸಿ ಹೇಳುತ್ತೇನೆ. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ನಿಮ್ಮ ಮಗನಿಗೆ ಕೇಳಿಯೇ ಗೊತ್ತಿರುತ್ತದೆ. ಎರಡನ್ನೂ ಬೇರೆ ಬೇರೆ ಕದಡಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದ ಮೇಲೆ ಹೊಳಪಿನ ಚಾಕುವೊಂದನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ ಎಂಬುದೂ ಗೊತ್ತಿರಬಹುದು. ಆ ಕೆಂಪು ತಾಮ್ರವೇ, ಕಬ್ಬಿಣವು ದ್ರಾವಣದಿಂದ ತಾಮ್ರವನ್ನು ಹೊರತಳ್ಳುವುದರಿಂದ ಅದು ಅಲ್ಲಿ ಕೂರುತ್ತದೆ, ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೊಳೆ ಮತ್ತು ನೀಲಿ ದ್ರಾವಣದ ಚಿತ್ರವಿರುವ ಪಾಠ ಇದೇ ಎಂದು ತೋಟದಲ್ಲಿ ನಿಂತು ಹೇಳುವ ಮೇಷ್ಟ್ರಿದ್ದಾರೆಯೆ? ಮರ ಹತ್ತುವ ಕೊನೆಗಾರನ ಕೂಲಿ, ಗೊನೆಗೆ ಮಳೆ ತಡೆಯುವ ಕೊಟ್ಟೆ ಕಟ್ಟಿದ ಮರಗಳೆಷ್ಟು, ಸಿಂಪಡಿಸಿದವೆಷ್ಟು, ಯಾವುದರಲ್ಲಿ ಎಷ್ಟು ಉದುರಿತು ಎಂದು ಇಪ್ಪತ್ತು ಮರಕ್ಕೆ ಹುಡುಗನ ಕೈಯಲ್ಲೇ ಲೆಕ್ಕ ಬರೆಸಿದರೆ ಅದು ಸ್ಟಿಮ್ಸನ್ ಹೇಳಿದ ಪದ್ಧತಿಯೇ. ಇದಕ್ಕೆ ಶಾಲೆಯ ಅಪ್ಪಣೆಯೂ ಬೇಕಿಲ್ಲ. ಈ ಜೂನಿನಲ್ಲಿ ನೀವೇ ಪುಸ್ತಕ ಕೊಡಿಸಿ.

ಕೃಷಿ ಓದುವ ಹುಡುಗರ ಸಂಘ, ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ, 1928ರಲ್ಲಿ ಕನ್ಸಾಸ್ ಸಿಟಿಯಲ್ಲಿ ಹುಟ್ಟಿತು. ಅವರ ನೀಲಿ ಕಾರ್ಡುರಾಯ್ ಜಾಕೆಟ್ 1933ರಿಂದ ರೂಢಿಗೆ ಬಂದು ಹಳ್ಳಿ ಹುಡುಗರ ಹೆಮ್ಮೆಯ ಉಡುಗೆಯಾಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗೆ ಶಾಲೆ ಬೇರೆಯಿದ್ದಂತೆ ಸಂಘವೂ ಬೇರೆಯೇ ಇತ್ತು. ಎರಡೂ ಒಂದಾದದ್ದು 1965ರಲ್ಲಿ. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ಚಿತ್ರಗಳಲ್ಲಿ ಕಾಣುವ ಜಾಕೆಟ್ಟಿನಷ್ಟು ಚೊಕ್ಕವಾಗಿ ಎಲ್ಲವೂ ಇರಲಿಲ್ಲ.

ಪ್ರಶ್ನೆ: ಆ ಚಿತ್ರಗಳಲ್ಲಿ ಹುಡುಗಿಯರಿಗೆ ಹೊಲಿಗೆ, ಅಡುಗೆ, ಟೈಪಿಂಗ್ ಮಾತ್ರವೇ? ಇದನ್ನು ನೀವು ಹೊಗಳುತ್ತಿದ್ದೀರಾ? (ಶಿವಮೊಗ್ಗದ ಓದುಗರು)

ಉತ್ತರ: ಹೊಗಳುತ್ತಿಲ್ಲ. ಬಹಳಷ್ಟು ಶಾಲೆಗಳಲ್ಲಿ ಹುಡುಗರಿಗೆ ಶಾಪ್, ಹುಡುಗಿಯರಿಗೆ ಗೃಹವಿಜ್ಞಾನ ಎಂಬುದು ಕಟ್ಟುಕಟ್ಟಳೆಯೇ ಆಗಿತ್ತು. ಕೇಂದ್ರದ ಹಣ ಪಡೆಯುವ ಶಾಲೆಯಲ್ಲಿ ಲಿಂಗಭೇದ ಕೂಡದೆಂದು 1972ರಲ್ಲಿ ಬಂದ ಟೈಟಲ್ ನೈನ್ ಎಂಬ ಕಾನೂನಿನ ಅನಂತರವೇ ಆ ಬಾಗಿಲುಗಳು ಎರಡೂ ಕಡೆಗೆ ತೆರೆದವು.

ಆದರೆ ಗೃಹವಿಜ್ಞಾನವನ್ನು “ಬರೀ ಅಡುಗೆ” ಎಂದು ತಳ್ಳಿಬಿಡುವುದೂ ಅನ್ಯಾಯ. ಅದಕ್ಕೆ ಬುನಾದಿ ಹಾಕಿದ ಎಲೆನ್ ಸ್ವಾಲೋ ರಿಚರ್ಡ್ಸ್ ರಸಾಯನವಿಜ್ಞಾನಿ; ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ 1873ರಲ್ಲಿ ಪದವಿ ಪಡೆದ ಮೊದಲ ಹೆಂಗಸು. ಅವರ ಮುಂದಾಳುತನದಲ್ಲಿ 1899ರಿಂದ ಲೇಕ್ ಪ್ಲಾಸಿಡ್ ಎಂಬಲ್ಲಿ ವರ್ಷವರ್ಷವೂ ನಡೆದ ಸಭೆಗಳಲ್ಲಿ ಈ ವಿಷಯ ರೂಪುಗೊಂಡಿತು. ಹೈಸ್ಕೂಲಿನ ಹುಡುಗಿ ಮೊದಲು ಹೊಲಿಯುತ್ತಿದ್ದುದು ತಾನೇ ಅಡುಗೆ ತರಗತಿಯಲ್ಲಿ ಕಟ್ಟಿಕೊಳ್ಳುವ ಏಪ್ರನ್ನು. ಮೊದಲು ಕಲಿಯುವವುಗಳಲ್ಲಿ ಒಂದು ಬಿಳಿಯ ಸಾಸು. ಎರಡು ಚಮಚ ಬೆಣ್ಣೆ, ಎರಡು ಚಮಚ ಹಿಟ್ಟು, ಒಂದು ಕಪ್ ಹಾಲು. ಚಮಚದ ಹಿಟ್ಟನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿಯೇ ಅಳೆಯಬೇಕು. ಹಿಟ್ಟನ್ನು ಬೆಣ್ಣೆಯಲ್ಲಿ ಮೊದಲು ಏಕೆ ಕಲಸಬೇಕು? ಒಣ ಹಿಟ್ಟು ಬಿಸಿ ಹಾಲಿಗೆ ಬಿದ್ದರೆ ಉಂಡೆಯ ಹೊರಮೈ ತಕ್ಷಣ ಬೆಂದು ಒಳಗಿನದು ಒಣಗಿಯೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿಯೇ ಕುದಿಯುವ ಅಂಬಲಿಗೆ ಬಿಡುವುದೂ ಇದೇ ಕಾರಣಕ್ಕೆ. ಆದರೆ ಕಾರಣ ಕೇಳಿದ ಸೊಸೆಗೆ “ಹಾಗೇ ಮಾಡೋದು” ಎಂಬ ಉತ್ತರ ಸಿಗುತ್ತಿತ್ತು.

ಟೈಪಿಂಗ್ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಟೈಪಿಂಗ್, ಗ್ರೆಗ್ ಶೀಘ್ರಲಿಪಿ, ಲೆಕ್ಕಪತ್ರ ಇವು ಮೂರೂ ಸೇರಿ ಹದಿನೆಂಟು ವಯಸ್ಸಿನ ಹುಡುಗಿಗೆ ಶಾಲೆ ಬಿಟ್ಟ ಮರುವಾರವೇ ಸಂಬಳ ತರಬಲ್ಲ ವಿದ್ಯೆಯಾಗಿದ್ದವು. ಕಾಲೇಜಿಗೆ ಹೋಗುವ ಹುಡುಗರೂ ಟೈಪಿಂಗ್ ಕಲಿಯುತ್ತಿದ್ದರು. ನಮ್ಮಲ್ಲಿ ಬಳಕೆಯಿದ್ದದ್ದು ಗೆರೆಯ ದಪ್ಪ-ತೆಳುವಿನಿಂದ ಅಕ್ಷರ ಬೇರ್ಪಡಿಸುವ ಪಿಟ್‌ಮನ್ ಪದ್ಧತಿ. ಗ್ರೆಗ್ಗಿನಲ್ಲಿ ದಪ್ಪ-ತೆಳುವಿನ ಗೋಜಿಲ್ಲ, ಗೆರೆಯ ಉದ್ದ ಮತ್ತು ಬಾಗೇ ಅಕ್ಷರ. ಶಿವಮೊಗ್ಗದ ಮಹಡಿ ಮೇಲಿನ ಇನ್‌ಸ್ಟಿಟ್ಯೂಟುಗಳಲ್ಲಿ ಬೆಳಿಗ್ಗೆ ಆರಕ್ಕೇ ಶುರುವಾಗುತ್ತಿದ್ದ ಟಕಟಕ ಸದ್ದು ಕೇಳಿದವರಿಗೆ, ನಿಮಿಷಕ್ಕೆ 30 ಪದದ ಜೂನಿಯರ್ ಮುಗಿಸಿ 45 ಪದದ ಸೀನಿಯರಿಗೆ ಕಟ್ಟಿದ ಅಕ್ಕಂದಿರ ನೆನಪಿರುವವರಿಗೆ, ಈ ವಿದ್ಯೆ ಎಷ್ಟು ಮನೆಗಳ ಒಲೆ ಉರಿಸಿತು ಎಂದು ಹೇಳಬೇಕಿಲ್ಲ. ವ್ಯತ್ಯಾಸವೆಂದರೆ, ಇಲ್ಲಿ ಅದಕ್ಕೆ ಕೈಯಿಂದ ಶುಲ್ಕ ಕೊಡಬೇಕಿತ್ತು, ಅಲ್ಲಿ ಸರ್ಕಾರಿ ಹೈಸ್ಕೂಲಿನೊಳಗೇ ಇತ್ತು.

ಪ್ರಶ್ನೆ: ನಾನು ಹೈಸ್ಕೂಲು ಶಿಕ್ಷಕಿ. ಇಂಥ ಕೋರ್ಸುಗಳು ಕೊನೆಗೆ ಬಡವರ, ದಡ್ಡರೆನಿಸಿಕೊಂಡವರ ಮಕ್ಕಳನ್ನು ತುಂಬುವ ಗೋದಾಮಾಗುತ್ತವೆ ಎಂಬುದು ನನ್ನ ಭಯ. ಅಲ್ಲಿ ಹಾಗಾಗಲಿಲ್ಲವೇ? (ಹೊಸನಗರದ ಓದುಗರು)

ಉತ್ತರ: ಆಯಿತು. ಈ ಬಾರಿ ಬಂದ ಪತ್ರಗಳಲ್ಲಿ ನಿಮ್ಮದೇ ತೂಕದ್ದು.

1917ರ ಕಾಯ್ದೆಗಾಗಿ ದುಡಿದವರಲ್ಲಿ ಮುಖ್ಯರಾದ ಚಾರ್ಲ್ಸ್ ಪ್ರಾಸರ್ 1945ರಲ್ಲಿ ವಾಷಿಂಗ್ಟನ್ನಿನ ಒಂದು ಸಭೆಯಲ್ಲಿ ಒಂದು ನಿರ್ಣಯ ಮಂಡಿಸಿದರು. ಹೈಸ್ಕೂಲಿನ ಮಕ್ಕಳಲ್ಲಿ ಶೇಕಡಾ 20 ಮಂದಿಗೆ ಕುಶಲ ಕಸುಬು ಸಲ್ಲುತ್ತದೆ, ಇನ್ನು ಶೇಕಡಾ 20 ಮಂದಿಗೆ ಕಾಲೇಜು ಸಲ್ಲುತ್ತದೆ, ಉಳಿದ ಶೇಕಡಾ 60 ಮಂದಿಗೆ ಬೇಕಿರುವುದು ಬದುಕಿಗೆ ಹೊಂದಿಕೊಳ್ಳುವ ಶಿಕ್ಷಣ ಎಂಬುದು ಅದರ ಸಾರ. ಈ ಅಂಕಿಗಳು ಯಾವ ಪರೀಕ್ಷೆಯಿಂದಲೂ ಬಂದವಲ್ಲ, ಊಹೆ. ಆದರೂ ಇದರ ಸುತ್ತ ಒಂದು ಚಳವಳಿಯೇ ಎದ್ದು, ಮನೆಯ ಖರ್ಚು, ಗೆಳೆತನ, ಬಿಡುವಿನ ವೇಳೆ, ಕುಟುಂಬ ಜೀವನ ಎಂಬ ಪಾಠಗಳು ಬಂದವು. ಕಸುಬಿನ ಹುಡುಗನಿಗೆ ಕಸುಬಾದರೂ ದಕ್ಕುತ್ತಿತ್ತು. ಈ ನಡುವಿನ ಅರುವತ್ತು ಮಂದಿಗೆ ಬೀಜಗಣಿತವೂ ಇಲ್ಲ, ಉಳಿಯೂ ಇಲ್ಲ. 1953ರಲ್ಲಿ ಇತಿಹಾಸಕಾರ ಆರ್ಥರ್ ಬೆಸ್ಟರ್ ಇದನ್ನು ಕಟುವಾಗಿ ಟೀಕಿಸಿದರು. 1957ರ ಅಕ್ಟೋಬರ್ 4ರಂದು ರಷ್ಯನ್ನರ ಸ್ಪುಟ್ನಿಕ್ ಆಕಾಶಕ್ಕೇರಿದ ಮೇಲೆ ಟೀಕೆ ಕೂಗಾಯಿತು. ಮರುವರ್ಷವೇ ಗಣಿತ, ವಿಜ್ಞಾನ, ವಿದೇಶಿ ಭಾಷೆಗಳಿಗೆ ಕೇಂದ್ರದ ಹಣ ಹರಿಯಿತು. ಹಾರ್ವರ್ಡಿನ ಅಧ್ಯಕ್ಷರಾಗಿದ್ದ ರಸಾಯನವಿಜ್ಞಾನಿ ಜೇಮ್ಸ್ ಕೊನಾಂಟ್ ಮಾತ್ರ 1959ರ ತಮ್ಮ ವರದಿಯಲ್ಲಿ, ಕಸುಬಿನ ಪಾಠವನ್ನು ಬೇರೆ ಶಾಲೆಗೆ ಅಟ್ಟುವುದು ಬೇಡ, ಎಲ್ಲರೂ ಓದುವ ಹೈಸ್ಕೂಲಿನೊಳಗೇ ಇರಲಿ ಎಂದು ವಾದಿಸಿದರು.

ಇನ್ನು ಯಾರನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸುತ್ತಿದ್ದವರು ಯಾರು? ಬುದ್ಧಿಮಾಪನದ ಪರೀಕ್ಷೆ, ಹಿಂದಿನ ಅಂಕ, ಸಲಹೆಗಾರರ ಮಾತು. ಆ ಮಾತಿನಲ್ಲಿ ತಂದೆಯ ಕೆಲಸ, ಮನೆಯ ಬೀದಿ, ಮೈಯ ಬಣ್ಣ ಎಲ್ಲವೂ ನುಸುಳುತ್ತಿದ್ದವು. ವಲಸೆ ಬಂದವರ ಮತ್ತು ಕಪ್ಪು ಜನರ ಮಕ್ಕಳು ಓದಿನಲ್ಲಿ ಮುಂದಿದ್ದರೂ ಕಸುಬಿನ ಕಡೆಗೆ ತಳ್ಳಿಸಿಕೊಂಡ ನಿದರ್ಶನಗಳಿಗೆ ಕೊರತೆಯಿಲ್ಲ. ಹಲಗೆಯನ್ನು ಚಚ್ಚೌಕ ಮಾಡಲು ಕಲಿಸಿದ್ದು ತಪ್ಪಲ್ಲ, “ನಿನಗೆ ಹಲಗೆಯೇ ಸಾಕು” ಎಂದು ಹದಿನಾಲ್ಕನೇ ವಯಸ್ಸಿನಲ್ಲಿ ತೀರ್ಪು ಕೊಟ್ಟದ್ದು ತಪ್ಪು ಎಂದು ನನ್ನ ಅಭಿಪ್ರಾಯ. ಎಂಟನೇ ತರಗತಿಯ ಎಲ್ಲ ಹುಡುಗರೂ ಕಡ್ಡಾಯವಾಗಿ ಮಾಡುತ್ತಿದ್ದ ಶಾಪ್ ಬಗ್ಗೆ ಯಾರೂ ಅವಮಾನ ಪಟ್ಟದ್ದಿಲ್ಲ. ಆದ್ದರಿಂದ, ಟೀಚರ್, ನಿಮ್ಮ ಶಾಲೆಗೆ ಇಂಥದೇನಾದರೂ ಬಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ತರಗತಿಯ ಮೊದಲ ರ‍್ಯಾಂಕಿನ ಹುಡುಗಿಯೂ ಇದಕ್ಕೆ ಬರುತ್ತಾಳೆಯೇ ಎಂಬುದು.

ಪ್ರಶ್ನೆ: ನಮ್ಮ ದೇಶದಲ್ಲಿ ಯಾರೂ ಇದನ್ನು ಪ್ರಯತ್ನಿಸಲಿಲ್ಲವೇ? (ಸೊರಬದ ಓದುಗರು)

ಉತ್ತರ: ಪ್ರಯತ್ನಗಳಿಗೇನೂ ಬರವಿಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣವು ಅಮೆರಿಕದ ಶಾಪಿಗಿಂತ ದಿಟ್ಟವಾದದ್ದು; ಅಲ್ಲಿ ಕಸುಬು ಹಲವು ವಿಷಯಗಳಲ್ಲಿ ಒಂದಾಗಿತ್ತು, ಇಲ್ಲಿ ರಾಟೆಯ ಮೂಲಕವೇ ಗಣಿತ, ಭೂಗೋಳಗಳನ್ನು ಕಲಿಸಬೇಕಿತ್ತು. ಅಮೆರಿಕದ ಮಾದರಿಗೆ ಹತ್ತಿರವಾದದ್ದು 1952-53ರ ಮೊದಲಿಯಾರ್ ಆಯೋಗ ಸೂಚಿಸಿದ ಬಹೂದ್ದೇಶ ಪ್ರೌಢಶಾಲೆ: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಕವಲು. ಆ ಆಯೋಗದಲ್ಲಿ ಅಮೆರಿಕದ ಸದಸ್ಯರೊಬ್ಬರೂ ಇದ್ದರು. ಆ ಶಾಲೆಗಳಿಗೆ ಮೇಷ್ಟ್ರನ್ನು ತಯಾರು ಮಾಡಲೆಂದೇ 1963ರಲ್ಲಿ ದೇಶದ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು, ಅವುಗಳಲ್ಲಿ ಮೈಸೂರಿನದೂ ಒಂದು. ಇಸವಿಗಳನ್ನು ಗಮನಿಸಿ: ಶಾಲೆಯ ಶಿಫಾರಸು 1953, ಮೇಷ್ಟ್ರ ಕಾಲೇಜು 1963. ನನ್ನ ಬೀರುವಿನ ಉಳಿಗಳ ಕತೆಯೇ ಇದು. ಆಮೇಲೆ ಪಿಯುಸಿ ಮಟ್ಟದಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸು ಬಂತು, ಹೋಯಿತು. ಓದುಗರಲ್ಲಿ ಅನೇಕರು ಅದನ್ನು ಓದಿದವರೇ ಇರಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ಸೊರಬ, ಸಾಗರಗಳಲ್ಲಿ ಮರದ ಕೆತ್ತನೆ ಮಾಡುವ ಗುಡಿಗಾರರ ಮನೆಗಳಿರುವಾಗ ನಮ್ಮ ಮಕ್ಕಳಿಗೆ ಗುರುಗಳು ಎರಡು ಬೀದಿ ಆಚೆ ಸಿಗುತ್ತಾರೆ. ಆದರೆ ಹತ್ತು ದಿನದಲ್ಲಿ ಹಲಗೆಯ ಮೊದಲ ಮುಖವೂ ಮುಗಿಯದು ಎಂದು ಮಾತ್ರ ಬಲ್ಲೆ.

ಪ್ರಶ್ನೆ: ಬಾನೆಟ್ ತೆರೆದ ಆ ಕಾರು ಯಾರದು? ಶಾಲೆಯಲ್ಲಿ ಡ್ರೈವಿಂಗ್ ಕೂಡ ಕಲಿಸುತ್ತಿದ್ದರಂತೆ, ನಿಜವೇ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಜ. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನ ಹೈಸ್ಕೂಲಿನಲ್ಲಿ ಏಮಸ್ ನೇಹಾರ್ಟ್ ಎಂಬವರು 1934ರಲ್ಲಿ ಶುರು ಮಾಡಿದ ಡ್ರೈವಿಂಗ್ ಪಾಠ 1950ರ ದಶಕದ ಹೊತ್ತಿಗೆ ದೇಶದ ತುಂಬ ಹರಡಿತ್ತು. ಮೇಷ್ಟ್ರು ಕೂರುವ ಕಡೆಯೂ ಒಂದು ಬ್ರೇಕ್ ಇರುವ ಕಾರುಗಳು ಅದಕ್ಕೆಂದೇ ಇದ್ದವು. ಚಿತ್ರದ ಕಾರು ಯಾರದೆಂದು ಚಿತ್ರ ನೋಡಿ ಹೇಳಲಾಗದು, ಆದರೆ ಆಟೊ ಶಾಪಿಗೆ ಸಾಮಾನ್ಯವಾಗಿ ಬರುತ್ತಿದ್ದದ್ದು ಮೇಷ್ಟ್ರುಗಳ ಕಾರು, ನೆರೆಯವರ ಕಾರು ಮತ್ತು ಹುಡುಗರೇ ಚಿಲ್ಲರೆ ದುಡ್ಡಿಗೆ ಕೊಂಡ ಹಳೆಯ ಡಬ್ಬಾಗಳು. ಬಿಡಿಭಾಗದ ಬೆಲೆ ಕೊಟ್ಟರಾಯಿತು, ಕೂಲಿ ಇಲ್ಲ. ಉಪಯೋಗಕ್ಕೆ ಬರುವ ಕೆಲಸವೇ ಆಗಿರಬೇಕೆಂಬ 1917ರ ಷರತ್ತು ಹೀಗೆ ಪಾಲನೆಯಾಗುತ್ತಿತ್ತು. ಇತಿಹಾಸದ ಮೇಷ್ಟ್ರ ಕಾರಿಗೆ ಸಂಜೆ ಬ್ರೇಕ್ ಹಿಡಿಯುವುದೋ ಇಲ್ಲವೋ ಎಂಬುದು ಅವರ ಪಾಠವನ್ನೇ ಬೆಳಿಗ್ಗೆ ಕೇಳಿದ ಹುಡುಗರ ಕೈಯಲ್ಲಿರುತ್ತಿತ್ತು.